ಓದುಗರ ಪ್ರಶ್ನೆ, ವೈದ್ಯರ ಉತ್ತರ: ಸ್ತನದ ಗಂಟು ಮತ್ತು ಜೀವಕೋಶಗಳ ಬೆಳವಣಿಗೆಯ ಲೆಕ್ಕ

ಪ್ರಶ್ನೆ: ಡಾಕ್ಟರೇ, ನನ್ನ ಅಕ್ಕನಿಗೆ 54 ವರ್ಷ. ಸ್ತನದಲ್ಲಿದ್ದ ಗಂಟಿನಿಂದ ಸೂಜಿಯ ಮೂಲಕ ತುಣುಕು ತೆಗೆದು ಪರೀಕ್ಷಿಸಿದಾಗ ಕ್ಯಾನ್ಸರ್ ಎಂದು ಬಂದಿದೆ. ವರದಿಯ ಕೊನೆಯ ಸಾಲಿನಲ್ಲಿ ‘ಕಿ-67: ಶೇ. 18’ ಎಂದು ಬರೆದಿದ್ದಾರೆ. ಕ್ಯಾನ್ಸರ್ ದೇಹದಲ್ಲಿ ಶೇ. 18ರಷ್ಟು ಹರಡಿದೆ ಎಂದು ಇದರ ಅರ್ಥವೇ? ಅಕ್ಕ ದಿನವಿಡೀ ಆ ಅಂಕಿಯನ್ನೇ ನೋಡುತ್ತಾ ಕೂತಿರುತ್ತಾಳೆ. ಕೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ.

ಉತ್ತರ: ಇಲ್ಲ, ಹಾಗೆ ಅರ್ಥವಿಲ್ಲ. ಇದನ್ನು ಮೊದಲು ನಿಮ್ಮ ಅಕ್ಕನಿಗೆ ಓದಿ ಹೇಳಿ. ಕ್ಯಾನ್ಸರ್ ಎಲ್ಲಿಯವರೆಗೆ ಹರಡಿದೆ ಎಂಬುದನ್ನು ಗಂಟಿನ ಗಾತ್ರ, ಕಂಕುಳಿನ ಹಾಲ್ರಸ ಗ್ರಂಥಿಗಳು (ಲಿಂಫ್ ನೋಡ್‌ಗಳು) ಮತ್ತು ಸ್ಕ್ಯಾನ್‌ಗಳು ಹೇಳುತ್ತವೆ. ಕಿ-67 ಆ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ. ಸೂಜಿಯಲ್ಲಿ ಬಂದ ತುಣುಕಿನಲ್ಲಿರುವ ನೂರು ಕ್ಯಾನ್ಸರ್ ಜೀವಕೋಶಗಳಲ್ಲಿ ಸುಮಾರು ಹದಿನೆಂಟು, ಆ ತುಣುಕನ್ನು ತೆಗೆದ ಕ್ಷಣದಲ್ಲಿ ವಿಭಜನೆಯ ಹಾದಿಯಲ್ಲಿದ್ದವು ಎಂಬುದಷ್ಟೇ ಆ ಅಂಕಿಯ ಅರ್ಥ.

ಇದನ್ನು ಹೇಗೆ ಕಂಡುಹಿಡಿಯುತ್ತಾರೆ ಎಂಬುದನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ಹೇಗೆಂದು ತಿಳಿದರೆ ಆ ಅಂಕಿಯ ಬಗೆಗಿನ ಭಯ ಅರ್ಧ ಕಡಿಮೆಯಾಗುತ್ತದೆ. ನಮ್ಮ ದೇಹದ ಹೆಚ್ಚಿನ ಜೀವಕೋಶಗಳು ಯಾವುದೇ ಒಂದು ಹೊತ್ತಿನಲ್ಲಿ ವಿಭಜನೆಯಿಂದ ದೂರ ಉಳಿದು ತಮ್ಮ ಪಾಲಿನ ಕೆಲಸ ಮಾಡಿಕೊಂಡಿರುತ್ತವೆ. ವಿಭಜನೆಗೆ ಅಣಿಯಾದ ಜೀವಕೋಶವು ತಯಾರಿ, ವಂಶವಾಹಿ ದ್ರವ್ಯದ (ಡಿಎನ್‌ಎ) ನಕಲು, ಮತ್ತೊಂದು ತಯಾರಿ, ಕೊನೆಗೆ ಇಬ್ಭಾಗ ಎಂಬ ನಾಲ್ಕು ಘಟ್ಟಗಳನ್ನು ಹಾದುಹೋಗುತ್ತದೆ. ಕಿ-67 ಎಂಬ ಪ್ರೋಟೀನು ಈ ಘಟ್ಟಗಳಲ್ಲಿರುವ ಜೀವಕೋಶದ ಕೇಂದ್ರದಲ್ಲಿ (ನ್ಯೂಕ್ಲಿಯಸ್) ಸಿಗುತ್ತದೆ. ವಿಶ್ರಾಂತಿಯಲ್ಲಿರುವ ಜೀವಕೋಶದಲ್ಲಿ ಸಿಗುವುದಿಲ್ಲ. ಜರ್ಮನಿಯ ಕೀಲ್ ನಗರದ ಸಂಶೋಧಕರು 1983ರಲ್ಲಿ ಇದಕ್ಕೆ ಅಂಟಿಕೊಂಡು ಇದನ್ನು ಗುರುತಿಸುವ ಪ್ರತಿಕಾಯವನ್ನು (ಆಂಟಿಬಾಡಿ) ವರದಿ ಮಾಡಿದರು. ಊರಿನ ಹೆಸರಿನ (Kiel) ಮೊದಲ ಎರಡು ಇಂಗ್ಲಿಷ್ ಅಕ್ಷರಗಳು ಮತ್ತು ಆ ಪ್ರತಿಕಾಯ ಸಿಕ್ಕ ಪ್ರಯೋಗಾಲಯದ ತಟ್ಟೆಯ ಗುಳಿಯ ಸಂಖ್ಯೆ 67 ಸೇರಿ ಈ ಹೆಸರಾಯಿತು. ಹಾಗಾಗಿ ‘67’ ಎಂಬುದು ಕೂಡ ರೋಗಿಯ ಸ್ಥಿತಿಯ ಸೂಚಕವಲ್ಲ. ಅದನ್ನು ತಮ್ಮ ಅಂಕವೆಂದು ತಿಳಿದು ಗಾಬರಿಯಾದವರನ್ನು ನಾನು ಕಂಡಿದ್ದೇನೆ.

ಪ್ರಯೋಗಾಲಯದಲ್ಲಿ ಮೇಣದಲ್ಲಿ ಹುದುಗಿಸಿದ ತುಣುಕನ್ನು ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಪದರಗಳಾಗಿ ಕತ್ತರಿಸಿ, ಗಾಜಿನ ಸ್ಲೈಡಿನ ಮೇಲೆ ಹರಡಿ, ಪ್ರತಿಕಾಯವನ್ನು ಹಾಕುತ್ತಾರೆ. ಪ್ರತಿಕಾಯ ಅಂಟಿಕೊಂಡ ಕೇಂದ್ರಗಳು ಕಂದು ಬಣ್ಣಕ್ಕೆ ತಿರುಗುತ್ತವೆ, ಉಳಿದವು ನೀಲಿಯಾಗಿ ಕಾಣುತ್ತವೆ. ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ನೀಲಿ ಹಾಸಿನ ಮೇಲೆ ಅಲ್ಲಲ್ಲಿ ರಾಗಿ ಕಾಳು ಚೆಲ್ಲಿದಂತೆ ಕಾಣುತ್ತದೆ. ಕಂದು ಎಷ್ಟು, ಒಟ್ಟು ಎಷ್ಟು ಎಂದು ಎಣಿಸಿ ಶೇಕಡಾವಾರು ಬರೆಯುತ್ತೇವೆ. ತಿಳಿಕಂದು ಬಣ್ಣ ಬಂದರೂ ಲೆಕ್ಕಕ್ಕೆ ಬರುತ್ತದೆ. ಗಂಟಿನೊಳಗೆ ಸೇರಿಕೊಂಡ ಬಿಳಿ ರಕ್ತಕಣಗಳೂ ವಿಭಜನೆಯಾಗುತ್ತಿರುತ್ತವಾದ್ದರಿಂದ, ಅವುಗಳಲ್ಲಿ ಕಂದಾದವನ್ನು ಎಣಿಕೆಯಿಂದ ಬಿಡಬೇಕು.

ಇನ್ನೊಂದು ಮಾತನ್ನೂ ತಿಳಿದಿರಿ. ಈ ಅಂಕಿ ಎಷ್ಟು ಜೀವಕೋಶಗಳು ಹಾದಿಯಲ್ಲಿವೆ ಎಂದು ಹೇಳುತ್ತದೆಯೇ ಹೊರತು ಅವು ಎಷ್ಟು ಬೇಗ ನಡೆಯುತ್ತಿವೆ ಎಂದು ಹೇಳುವುದಿಲ್ಲ. ವಿಭಜನೆ ಮುಗಿಸಲು ಒಂದು ದಿನ ಹಿಡಿಯುವ ಜೀವಕೋಶವೂ ಹಲವು ದಿನ ಹಿಡಿಯುವ ಜೀವಕೋಶವೂ ಒಂದೇ ರೀತಿ ಕಂದಾಗುತ್ತವೆ. ಹುಟ್ಟಿದ ಜೀವಕೋಶಗಳಲ್ಲಿ ಎಷ್ಟು ಸಾಯುತ್ತವೆ ಎಂಬ ಲೆಕ್ಕವೂ ಇದರಲ್ಲಿಲ್ಲ. ಆದರೆ ಗಂಟು ದೊಡ್ಡದಾಗುವುದು ಹುಟ್ಟಿನಿಂದ ಸಾವನ್ನು ಕಳೆದು ಉಳಿದ ಮೊತ್ತದಿಂದ. ಶೇ. 18 ಎಂಬುದು ಬಹಳ ಕಡಿಮೆಯೂ ಅಲ್ಲದ, ಬಹಳ ಹೆಚ್ಚೂ ಅಲ್ಲದ ನಡುವಿನ ಅಂಕಿ. ಅದನ್ನು ಈಸ್ಟ್ರೊಜನ್ ಗ್ರಾಹಕ, ಪ್ರೊಜೆಸ್ಟರಾನ್ ಗ್ರಾಹಕ (ಈ ಹಾರ್ಮೋನುಗಳ ಸಂದೇಶ ಪಡೆಯುವ ಪ್ರೋಟೀನುಗಳು) ಮತ್ತು ಹರ್-2 (ಬೆಳವಣಿಗೆಯನ್ನು ಪ್ರಚೋದಿಸುವ ಇನ್ನೊಂದು ಪ್ರೋಟೀನು) ಫಲಿತಾಂಶಗಳ ಜೊತೆಗಿಟ್ಟು ಓದಬೇಕು. ಆ ಮೂರನ್ನೂ ನೀವು ಪತ್ರದಲ್ಲಿ ಬರೆದಿಲ್ಲ. ಮುಂದಿನ ಭೇಟಿಯಲ್ಲಿ ಅವುಗಳ ಬಗ್ಗೆಯೇ ಮೊದಲು ಕೇಳಿ, ಏಕೆಂದರೆ ಚಿಕಿತ್ಸೆಯ ದಾರಿಯನ್ನು ಹೆಚ್ಚಾಗಿ ತೀರ್ಮಾನಿಸುವವು ಅವೇ.

ಪ್ರಶ್ನೆ: ನನಗೆ 23 ವರ್ಷ. ಎರಡು ವರ್ಷದ ಹಿಂದೆ ಬಯಾಪ್ಸಿ ಮಾಡಿ ‘ಫೈಬ್ರೊಅಡಿನೋಮ, ಅಪಾಯವಿಲ್ಲದ ಗಂಟು’ ಎಂದಿದ್ದರು. ಈಗ ಸ್ಕ್ಯಾನಿನಲ್ಲಿ ಅದು 1.8 ಸೆಂಟಿಮೀಟರಿನಿಂದ 2.4 ಸೆಂಟಿಮೀಟರಿಗೆ ಬೆಳೆದಿದೆ. ಬೆಳೆಯುತ್ತಿದೆ ಎಂದರೆ ಕ್ಯಾನ್ಸರ್ ಆಗುತ್ತಿದೆ ಎಂದಲ್ಲವೇ? ಕಿ-67 ಪರೀಕ್ಷೆ ಮಾಡಿಸಿದರೆ ಖಚಿತವಾಗುತ್ತದೆಯೇ?

ಉತ್ತರ: ಬೆಳವಣಿಗೆ ಎಂಬ ಮಾತು ಕೇಳಿದ ಕೂಡಲೇ ನಾವು ಕ್ಯಾನ್ಸರನ್ನು ನೆನೆಯುತ್ತೇವೆ. ಆದರೆ ಹರೆಯ ಕಳೆದ ಮೇಲೂ ಬೆಳೆಯುತ್ತಾ ಕುಗ್ಗುತ್ತಾ ಇರುವ ಅಂಗಗಳಲ್ಲಿ ಸ್ತನವೂ ಒಂದು. ಪ್ರತಿ ತಿಂಗಳು ಅಂಡಾಣು ಬಿಡುಗಡೆಯಾದ ನಂತರದ ಎರಡು ವಾರಗಳಲ್ಲಿ ಹಾಲಿನ ಗ್ರಂಥಿಗಳ ಜೀವಕೋಶಗಳು ಹೆಚ್ಚು ವಿಭಜನೆಯಾಗುತ್ತವೆ, ಮುಟ್ಟು ಹತ್ತಿರವಾಗುತ್ತಿದ್ದಂತೆ ಸಾಯುವ ಜೀವಕೋಶಗಳ ಸಂಖ್ಯೆ ಏರುತ್ತದೆ. ಮುಟ್ಟಿಗೆ ಮುಂಚೆ ಸ್ತನ ಬಿಗಿದು ನೋಯುವುದು ಹಲವರ ಅನುಭವ. ಅದೇ ದಿನಗಳಲ್ಲಿ ತೆಗೆದ ಆರೋಗ್ಯವಂತ ಸ್ತನದ ತುಣುಕಿನಲ್ಲಿ ಕಂದು ಕೇಂದ್ರಗಳೂ ಹೆಚ್ಚು ಸಿಗುತ್ತವೆ. ಬಸಿರಿನಲ್ಲಂತೂ ಈ ವಿಭಜನೆ ಎಷ್ಟೋ ಪಟ್ಟು ಏರುತ್ತದೆ. ಯಾವ ರೋಗವೂ ಇಲ್ಲದೆ ಇದೆಲ್ಲ ನಡೆಯುತ್ತದೆ.

ಆದ್ದರಿಂದ ಗಂಟು ಅಪಾಯವಿಲ್ಲದ್ದೋ ಕ್ಯಾನ್ಸರೋ ಎಂಬುದನ್ನು ಕಿ-67 ಅಂಕಿಯಿಂದ ತೀರ್ಮಾನಿಸುವುದಿಲ್ಲ. ಆರೋಗ್ಯವಂತ ಸ್ತನದಲ್ಲಿ ಈ ಅಂಕಿ ಸಾಮಾನ್ಯವಾಗಿ ಕೆಲವೇ ಶೇಕಡಾದಷ್ಟಿರುತ್ತದೆ, ಅಪಾಯವಿಲ್ಲದ ಗಂಟುಗಳಲ್ಲಿ ಸರಾಸರಿ ಕಡಿಮೆ, ಕ್ಯಾನ್ಸರುಗಳಲ್ಲಿ ಸರಾಸರಿ ಹೆಚ್ಚು ಎಂಬುದು ನಿಜ. ಆದರೆ ಸರಾಸರಿಗಳ ನಡುವೆ ಎಷ್ಟೇ ಅಂತರವಿದ್ದರೂ ಬಿಡಿ ಬಿಡಿ ಗಂಟುಗಳ ಅಂಕಿಗಳು ಒಂದರ ಮೇಲೊಂದು ಬೀಳುತ್ತವೆ. ನಿಧಾನವಾಗಿ ಬೆಳೆಯುವ ಕ್ಯಾನ್ಸರಿನಲ್ಲಿ ಶೇ. 3 ಕಾಣಬಹುದು, ಹರೆಯದ ಹುಡುಗಿಯ ಫೈಬ್ರೊಅಡಿನೋಮದಲ್ಲಿ ಅದಕ್ಕಿಂತ ಹೆಚ್ಚು ಕಾಣಬಹುದು.

ಹಾಗಾದರೆ ನಾವು ಏನನ್ನು ನೋಡುತ್ತೇವೆ? ಜೀವಕೋಶಗಳ ಕಟ್ಟಡವನ್ನು. ಹಾಲಿನ ನಾಳದ ಗೋಡೆಯಲ್ಲಿ ಒಳಸುತ್ತಿಗೆ ಒಂದು ಪದರ, ಅದನ್ನು ಹೊರಗಿನಿಂದ ತಬ್ಬಿಕೊಂಡು ಹಾಲನ್ನು ಮುಂದಕ್ಕೆ ಒತ್ತುವ ಇನ್ನೊಂದು ಪದರ, ಅದರಾಚೆ ತೆಳುವಾದ ಬೇಲಿಯಂಥ ಪೊರೆ ಇರುತ್ತದೆ. ಫೈಬ್ರೊಅಡಿನೋಮದಲ್ಲಿ ನಾಳಗಳು ಎಳೆದು ಹಿಚುಕಿದಂತೆ ವಿಚಿತ್ರ ಆಕಾರ ತಾಳಿದರೂ ಈ ಎರಡು ಪದರಗಳೂ ಬೇಲಿಯೂ ಉಳಿದಿರುತ್ತವೆ. ಹರಡುವ ಕ್ಯಾನ್ಸರಿನಲ್ಲಿ ಹೊರಪದರ ಇಲ್ಲವಾಗಿ, ಜೀವಕೋಶಗಳು ಬೇಲಿ ದಾಟಿ ಸುತ್ತಲಿನ ಅಂಗಾಂಶದೊಳಕ್ಕೆ ನುಗ್ಗಿರುತ್ತವೆ. ಒಂದೇ ಒಂದು ಕಂದು ಕೇಂದ್ರ ಸಿಗದಿದ್ದರೂ ಬೇಲಿ ದಾಟಿದ ಜೀವಕೋಶ ಕ್ಯಾನ್ಸರೇ.

ಇಲ್ಲಿ ನನ್ನನ್ನು ಇಂದಿಗೂ ಬೆರಗುಗೊಳಿಸುವ ಸಂಗತಿಯೊಂದಿದೆ. ಆರೋಗ್ಯವಂತ ಸ್ತನದಲ್ಲಿ ಈಸ್ಟ್ರೊಜನ್ ಹಾರ್ಮೋನಿನ ಸಂದೇಶವನ್ನು ಪಡೆಯುವ ಜೀವಕೋಶಗಳು ಸಾಮಾನ್ಯವಾಗಿ ತಾವು ವಿಭಜನೆಯಾಗುವುದಿಲ್ಲ. ಸಂದೇಶ ಪಡೆದು ಪಕ್ಕದವುಗಳಿಗೆ ದಾಟಿಸುತ್ತವೆ, ವಿಭಜನೆಯಾಗುವುದು ಆ ಪಕ್ಕದ ಜೀವಕೋಶಗಳು. 1997ರಲ್ಲಿ ಮ್ಯಾಂಚೆಸ್ಟರಿನ ಸಂಶೋಧಕರು ಒಂದೇ ಸ್ಲೈಡಿನ ಮೇಲೆ ಎರಡು ಗುರುತುಗಳನ್ನು ಹಾಕಿ ಇದನ್ನು ತೋರಿಸಿದರು. ಈಸ್ಟ್ರೊಜನ್ ಗ್ರಾಹಕವುಳ್ಳ ಕ್ಯಾನ್ಸರಿನಲ್ಲಿ ಈ ಕೆಲಸದ ಹಂಚಿಕೆ ಮುರಿದುಬಿದ್ದು, ಸಂದೇಶ ಪಡೆಯುವ ಜೀವಕೋಶವೇ ವಿಭಜನೆಗೂ ಇಳಿದಿರುತ್ತದೆ. ಅಂದರೆ ಎಷ್ಟು ಜೀವಕೋಶಗಳು ಬೆಳೆಯುತ್ತಿವೆ ಎಂಬುದರಷ್ಟೇ ಯಾವುವು ಬೆಳೆಯುತ್ತಿವೆ ಎಂಬುದೂ ಮುಖ್ಯ.

ನಿಮ್ಮ ಗಂಟಿನ ವಿಷಯಕ್ಕೆ ಬರುತ್ತೇನೆ. ಎರಡು ವರ್ಷದಲ್ಲಿ ಆರು ಮಿಲಿಮೀಟರ್ ಬೆಳೆಯುವುದು ಫೈಬ್ರೊಅಡಿನೋಮಕ್ಕೆ ಹೊರತಾದ ನಡವಳಿಕೆಯಲ್ಲ. ಆದರೂ ಸ್ಕ್ಯಾನ್ ನೋಡಿದ ವೈದ್ಯರಿಗೆ ಹಳೆಯ ಬಯಾಪ್ಸಿ ವರದಿಯನ್ನು ತೋರಿಸಲೇಬೇಕು. ಫೈಬ್ರೊಅಡಿನೋಮವನ್ನು ಹೋಲುವ ಫಿಲೋಡಿಸ್ ಎಂಬ ಗೆಡ್ಡೆಯೊಂದಿದೆ. ಅದರಲ್ಲಿ ಬೆಳೆಯುವುದು ಮುಖ್ಯವಾಗಿ ನಾಳದ ಸುತ್ತಲಿನ ಆಧಾರ ಅಂಗಾಂಶ. ಹೆಚ್ಚು ವರ್ಧಿಸಿ ನೋಡಿದ ಹತ್ತು ಕ್ಷೇತ್ರಗಳಲ್ಲಿ (ಕ್ಷೇತ್ರವೆಂದರೆ ಸೂಕ್ಷ್ಮದರ್ಶಕದಲ್ಲಿ ಒಮ್ಮೆಗೆ ಕಾಣುವ ಜಾಗ) ವಿಭಜನೆಯಾಗುತ್ತಿರುವ ಆಧಾರಕೋಶಗಳು ಐದಕ್ಕಿಂತ ಕಡಿಮೆಯಿದ್ದರೆ ಅಪಾಯವಿಲ್ಲದ ಗುಂಪು, ಐದರಿಂದ ಒಂಬತ್ತಿದ್ದರೆ ನಡುವಿನದು, ಹತ್ತು ಅಥವಾ ಹೆಚ್ಚಿದ್ದರೆ ಅಪಾಯಕಾರಿ ಎಂಬುದು ಅದರ ವಿಂಗಡಣೆಯ ಒಂದು ಆಧಾರ. ಇಂಥ ಗಂಟುಗಳ ಪೈಕಿ ವಿಭಜನೆಯ ಎಣಿಕೆಗೆ ನಿಜವಾದ ತೂಕ ಸಿಗುವ ಜಾಗ ಇದು. ಗಂಟು ಬೇಗಬೇಗ ದೊಡ್ಡದಾಗತೊಡಗಿದರೆ ಮತ್ತೆ ತುಣುಕು ತೆಗೆಯುವುದೋ ಗಂಟನ್ನೇ ತೆಗೆಯುವುದೋ ಎಂಬ ತೀರ್ಮಾನ ಇದಕ್ಕಾಗಿಯೇ ಬರುತ್ತದೆ. ಕಿ-67ಗಾಗಿ ನೀವಾಗಿಯೇ ಒತ್ತಾಯಿಸಬೇಕಾಗಿಲ್ಲ.

ಪ್ರಶ್ನೆ: ನನ್ನ ತಾಯಿಯ ಗಂಟಿನ ಅದೇ ಮೇಣದ ಅಚ್ಚನ್ನು ಎರಡು ಪ್ರಯೋಗಾಲಯಗಳಿಗೆ ಕಳಿಸಿದೆವು. ಒಂದರಲ್ಲಿ ಕಿ-67 ಶೇ. 14, ಇನ್ನೊಂದರಲ್ಲಿ ಶೇ. 24. ಯಾರು ತಪ್ಪು ಮಾಡಿದ್ದಾರೆ? ಯಾವುದನ್ನು ನಂಬಬೇಕು?

ಉತ್ತರ: ಇಬ್ಬರೂ ತಪ್ಪು ಮಾಡದಿದ್ದರೂ ಇಷ್ಟು ವ್ಯತ್ಯಾಸ ಬರಬಹುದು ಎಂಬುದು ನುಂಗಲು ಕಷ್ಟವಾದ ಸತ್ಯ. ನಾನು ಮೂರು ದಶಕಗಳಿಂದ ಈ ಎಣಿಕೆಯನ್ನೇ ಮಾಡುತ್ತಾ ಬಂದವನು. ಇದರ ಮಿತಿಯನ್ನು ರೋಗಿಗಳಿಂದ ಮುಚ್ಚಿಡುವುದು ನನಗೆ ಸರಿಯೆನಿಸುವುದಿಲ್ಲ.

ಮೊದಲನೆಯದಾಗಿ ಎಣಿಕೆಯ ಗಣಿತವನ್ನೇ ನೋಡಿ. ಗಂಟಿನ ನಿಜವಾದ ಅಂಕಿ ಶೇ. 20 ಎಂದುಕೊಳ್ಳೋಣ. ಒಬ್ಬರು ನೂರು ಜೀವಕೋಶಗಳನ್ನು ಮಾತ್ರ ಎಣಿಸಿದರೆ, ಯಾವ ನೂರು ಕಣ್ಣಿಗೆ ಬಿದ್ದವು ಎಂಬ ಆಕಸ್ಮಿಕದಿಂದಲೇ ಉತ್ತರ 12ರಿಂದ 28ರವರೆಗೆ ಎಲ್ಲಿ ಬೇಕಾದರೂ ಬರಬಹುದು. ಸಾವಿರ ಎಣಿಸಿದರೆ ಆ ಹರವು ಸುಮಾರು 17.5ರಿಂದ 22.5ಕ್ಕೆ ಇಳಿಯುತ್ತದೆ. ಕನಿಷ್ಠ 500, ಸಾಧ್ಯವಾದರೆ 1000 ಜೀವಕೋಶಗಳನ್ನು ಎಣಿಸಬೇಕು ಎಂದು ಕಿ-67 ಕುರಿತ ಅಂತರರಾಷ್ಟ್ರೀಯ ತಜ್ಞರ ತಂಡ 2011ರಲ್ಲಿ ಸಲಹೆ ಮಾಡಿದ್ದು ಇದೇ ಕಾರಣಕ್ಕೆ. ಕಣ್ಣಳತೆಯಲ್ಲಿ ‘ಸುಮಾರು ಇಪ್ಪತ್ತು’ ಎಂದು ಬರೆದುಬಿಡುವ ಅಭ್ಯಾಸ ಇನ್ನೂ ಇದೆ. ಅದನ್ನು ನಾನು ಒಪ್ಪುವುದಿಲ್ಲ.

ಎರಡನೆಯದು, ಎಲ್ಲಿ ಎಣಿಸಿದರು ಎಂಬ ಪ್ರಶ್ನೆ. ಗಂಟಿನ ಎಲ್ಲ ಭಾಗಗಳೂ ಒಂದೇ ಹದದಲ್ಲಿ ಬೆಳೆಯುವುದಿಲ್ಲ. ಅಂಚಿನಲ್ಲಿ ಕಂದು ದಟ್ಟವಾಗಿದ್ದು ನಡುವೆ ವಿರಳವಾಗಿರುವುದು ಸಾಮಾನ್ಯ. ಒಬ್ಬರು ದಟ್ಟವಾದ ಜಾಗವನ್ನೇ ಹುಡುಕಿ ಎಣಿಸಿ, ಇನ್ನೊಬ್ಬರು ಇಡೀ ಸ್ಲೈಡಿನ ಸರಾಸರಿ ತೆಗೆದರೆ, 24 ಮತ್ತು 14 ಎರಡೂ ಪ್ರಾಮಾಣಿಕ ಉತ್ತರಗಳೇ ಆಗಿರಬಹುದು. ಯಾವ ಕ್ರಮದಲ್ಲಿ ಎಣಿಸಿದರೆಂದು ವರದಿಯಲ್ಲಿ ಬರೆಯುವುದು ಒಳ್ಳೆಯ ಪದ್ಧತಿ. ಬರೆದಿಲ್ಲದಿದ್ದರೆ ಕೇಳುವ ಹಕ್ಕು ನಿಮಗಿದೆ.

ಮೂರನೆಯದು ಶಸ್ತ್ರಚಿಕಿತ್ಸಾ ಕೊಠಡಿಯಿಂದಲೇ ಶುರುವಾಗುತ್ತದೆ. ದೇಹದಿಂದ ಹೊರಬಂದ ಅಂಗಾಂಶಕ್ಕೆ ರಕ್ತ ಸಿಗದಿದ್ದರೂ ಜೀವಕೋಶಗಳು ಕೂಡಲೇ ನಿಶ್ಚಲವಾಗುವುದಿಲ್ಲ. ಅದನ್ನು ಒಂದು ಗಂಟೆಯೊಳಗೆ ಫಾರ್ಮಲಿನ್‌ನಲ್ಲಿ (ಅಂಗಾಂಶ ಕೆಡದಂತೆ ಕಾಪಾಡುವ ದ್ರವ) ಇಡಬೇಕು, 6 ಗಂಟೆಗಿಂತ ಕಡಿಮೆಯಾಗದಂತೆ 72 ಗಂಟೆ ಮೀರದಂತೆ ಅದರಲ್ಲಿರಬೇಕು ಎಂಬುದು ನಿಯಮ. ನಾನು ತರಬೇತಿಯಲ್ಲಿದ್ದಾಗ ಒಮ್ಮೆ, ತೆಗೆದ ಇಡೀ ಸ್ತನವನ್ನು ಸೀಳದೆ ಹಾಗೆಯೇ ಫಾರ್ಮಲಿನ್ ಡಬ್ಬಿಗೆ ಹಾಕಿ ರಾತ್ರಿಯೆಲ್ಲ ಬಿಟ್ಟಿದ್ದರು. ಬೆಳಿಗ್ಗೆ ಕತ್ತರಿಸಿದಾಗ ಹೊರಗಿನ ಅರ್ಧ ಸೆಂಟಿಮೀಟರು ಬಿಳಿಚಿ ಗಟ್ಟಿಯಾಗಿತ್ತು, ನಡುವಿನ ಗಂಟು ಇನ್ನೂ ಕೆಂಪಗೆ ಮೆತ್ತಗಿತ್ತು. ದ್ರವ ಅಲ್ಲಿಗೆ ತಲುಪಿಯೇ ಇರಲಿಲ್ಲ. ಮೊದಲು ಸೂಜಿಯಲ್ಲಿ ತೆಗೆದ ತುಣುಕಿನಲ್ಲಿ ಧಾರಾಳವಾಗಿ ಕಂಡಿದ್ದ ವಿಭಜನೆಗಳು ಆ ಗಂಟಿನಲ್ಲಿ ಹುಡುಕಿದರೂ ಸಿಗಲಿಲ್ಲ. ಗಂಟು ಬದಲಾಗಿರಲಿಲ್ಲ, ನಾವು ಅದನ್ನು ಕೆಡಿಸಿದ್ದೆವು. ಅಂದಿನಿಂದ ಕಿ-67 ನೋಡಲು ನಾನು ಸೂಜಿಯ ತುಣುಕನ್ನೇ ಮೊದಲು ಕೇಳುತ್ತೇನೆ. ಅದು ತೆಳ್ಳಗಿರುವುದರಿಂದ ಫಾರ್ಮಲಿನ್ ಬೇಗ ಇಳಿಯುತ್ತದೆ. ನಿಮ್ಮ ತಾಯಿಯ ವಿಷಯದಲ್ಲಿ ಅಚ್ಚು ಒಂದೇ ಆದ್ದರಿಂದ ಈ ಕಾರಣ ಎರಡು ವರದಿಗಳ ಅಂತರವನ್ನು ವಿವರಿಸುವುದಿಲ್ಲ, ಆದರೆ ಎರಡನ್ನೂ ಒಟ್ಟಿಗೆ ಕೆಳಗಿಳಿಸಿರಬಹುದು.

ಇನ್ನು ಈ 14 ಮತ್ತು 24ರ ನಡುವೆ ಗೆರೆ ಎಳೆಯುವ ಪ್ರಯತ್ನಗಳ ಕಥೆಯೂ ಹೀಗೆಯೇ ಏರಿಳಿದಿದೆ. ಸೇಂಟ್ ಗ್ಯಾಲನ್ ಎಂಬ ಸ್ತನ ಕ್ಯಾನ್ಸರ್ ತಜ್ಞರ ಸಭೆ 2011ರಲ್ಲಿ ಶೇ. 14ನ್ನು ಕಡಿಮೆ ಮತ್ತು ಹೆಚ್ಚು ಕಿ-67ರ ನಡುವಿನ ಗಡಿಯೆಂದಿತು, 2013ರಲ್ಲಿ ಶೇ. 20ರತ್ತ ವಾಲಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2021ರಲ್ಲಿ ಅಬೆಮಾಸಿಕ್ಲಿಬ್ ಎಂಬ ಔಷಧವನ್ನು ಶಸ್ತ್ರಚಿಕಿತ್ಸೆಯ ನಂತರ ಕೊಡಲು ಒಪ್ಪಿದಾಗ ಕಿ-67 ಶೇ. 20 ಅಥವಾ ಹೆಚ್ಚಿರಬೇಕೆಂಬ ಷರತ್ತು ಹಾಕಿತು. 2023ರ ಮಾರ್ಚಿನಲ್ಲಿ ಆ ಷರತ್ತನ್ನು ಕೈಬಿಟ್ಟಿತು. ಅಂತರರಾಷ್ಟ್ರೀಯ ತಂಡವು 2021ರ ತನ್ನ ಹೇಳಿಕೆಯಲ್ಲಿ, ಹಾರ್ಮೋನ್ ಗ್ರಾಹಕವಿದ್ದು ಹರ್-2 ಇಲ್ಲದ ಆರಂಭಿಕ ಕ್ಯಾನ್ಸರಿನಲ್ಲಿ ಶೇ. 5 ಅಥವಾ ಕಡಿಮೆ ಮತ್ತು ಶೇ. 30 ಅಥವಾ ಹೆಚ್ಚು ಎಂಬ ಎರಡು ತುದಿಗಳನ್ನು ಮಾತ್ರ ಕೀಮೋಥೆರಪಿಯ ತೀರ್ಮಾನಕ್ಕೆ ನೆಚ್ಚಬಹುದು ಎಂದಿತು. ಇವುಗಳಲ್ಲಿ ನನಗೆ ಹೆಚ್ಚು ಒಪ್ಪಿಗೆಯಾಗುವುದು ಈ ಕೊನೆಯ ಮಾತು. ನಿಮ್ಮ ತಾಯಿಯ ಗಂಟು ಆ ಬಗೆಯದಾಗಿದ್ದರೆ ಎರಡು ಅಂಕಿಗಳೂ ನಡುವಿನ ಮಬ್ಬು ಜಾಗದಲ್ಲಿಯೇ ಬೀಳುತ್ತವೆ, ಆದ್ದರಿಂದ ಯಾವುದು ಸರಿ ಎಂಬ ಜಗಳದಿಂದ ಚಿಕಿತ್ಸೆಗೆ ಹೆಚ್ಚಿನ ನೆರವು ಸಿಗದು. ಗಂಟಿನ ದರ್ಜೆ (ಮುಂದಿನ ಉತ್ತರದಲ್ಲಿ ವಿವರಿಸಿದ್ದೇನೆ), ಗಾತ್ರ, ಹಾಲ್ರಸ ಗ್ರಂಥಿಗಳ ಸ್ಥಿತಿ ಇವು ಮುಂದೆ ಬರುತ್ತವೆ; ಅನುಮಾನ ಉಳಿದರೆ 21 ಜೀನ್‌ಗಳ ಪರೀಕ್ಷೆಯಂಥವನ್ನು ವೈದ್ಯರು ಸೂಚಿಸಬಹುದು. ಆ ಪರೀಕ್ಷೆಯಲ್ಲಿಯೂ ಐದು ಜೀನ್‌ಗಳು ವಿಭಜನೆಗೆ ಸಂಬಂಧಿಸಿದವು, ಅವುಗಳಲ್ಲಿ ಒಂದು ಕಿ-67ರದ್ದೇ.

ಪ್ರಶ್ನೆ: ನಾನು ಜೀವಶಾಸ್ತ್ರದ ವಿದ್ಯಾರ್ಥಿ. ಕಿ-67 ಬರುವ ಮೊದಲು ಬೆಳವಣಿಗೆಯನ್ನು ಅಳೆಯುತ್ತಲೇ ಇರಲಿಲ್ಲವೇ?

ಉತ್ತರ: ಅಳೆಯುತ್ತಿದ್ದರು, ಈಗಲೂ ಆ ಹಳೆಯ ಕ್ರಮ ಬಳಕೆಯಲ್ಲಿದೆ. ವಿಭಜನೆಯ ಕೊನೆಯ ಘಟ್ಟದಲ್ಲಿ ವರ್ಣತಂತುಗಳು ದಪ್ಪಗಾಗಿ ಜೀವಕೋಶದ ನಡುವೆ ಸಾಲುಗಟ್ಟಿ, ಬಳಿಕ ಎರಡು ಗುಂಪಾಗಿ ದೂರ ಸರಿಯುವುದು ಸಾಧಾರಣ ಬಣ್ಣದಲ್ಲಿಯೇ ಕಾಣುತ್ತದೆ. ಅವನ್ನು ಹತ್ತು ಕ್ಷೇತ್ರಗಳಲ್ಲಿ ಎಣಿಸುತ್ತೇವೆ. ರೋಗಶಾಸ್ತ್ರಜ್ಞರಾದ ಎಲ್ಸ್ಟನ್ ಮತ್ತು ಎಲ್ಲಿಸ್ 1991ರಲ್ಲಿ ರೂಪಿಸಿದ ನಾಟಿಂಗ್‌ಹ್ಯಾಮ್ ಪದ್ಧತಿಯಲ್ಲಿ ನಾಳದ ರಚನೆಗೆ, ಕೇಂದ್ರದ ವಿಕಾರಕ್ಕೆ ಮತ್ತು ಈ ಎಣಿಕೆಗೆ ತಲಾ ಒಂದರಿಂದ ಮೂರು ಅಂಕ ಕೊಟ್ಟು ಕೂಡುತ್ತಾರೆ. 3ರಿಂದ 5 ಬಂದರೆ ಮೊದಲ ದರ್ಜೆ, 6 ಅಥವಾ 7 ಎರಡನೆಯದು, 8 ಅಥವಾ 9 ಮೂರನೆಯದು. ನಿಮ್ಮಂಥವರು ಮರೆಯಬಾರದ ಒಂದು ಸೂಕ್ಷ್ಮವಿದೆ: ಒಂದು ಸೂಕ್ಷ್ಮದರ್ಶಕದ ಕ್ಷೇತ್ರದ ವ್ಯಾಸ 0.44 ಮಿಲಿಮೀಟರ್, ಇನ್ನೊಂದರದ್ದು 0.63 ಮಿಲಿಮೀಟರ್ ಆದರೆ ಎರಡನೆಯದರಲ್ಲಿ ಕಾಣುವ ಜಾಗ ಎರಡು ಪಟ್ಟು. ವ್ಯಾಸವನ್ನು ಲೆಕ್ಕಕ್ಕೆ ಹಿಡಿಯದೆ ‘ಹತ್ತು ಕ್ಷೇತ್ರದಲ್ಲಿ ಎಂಟು’ ಎಂದರೆ ಅದಕ್ಕೆ ಅರ್ಥವಿಲ್ಲ. ಸಾಯುತ್ತಿರುವ ಜೀವಕೋಶದ ಮುದುಡಿದ ಕಪ್ಪು ಕೇಂದ್ರವನ್ನು ವಿಭಜನೆಯೆಂದು ತಪ್ಪು ತಿಳಿಯುವುದು ಹೊಸಬರ ಸಾಮಾನ್ಯ ಎಡವು.

ವಂಶವಾಹಿ ದ್ರವ್ಯ ನಕಲಾಗುವ ಘಟ್ಟವನ್ನು ಹಿಡಿಯುವ ಪ್ರಯತ್ನಗಳೂ ನಡೆದವು. ತಾಜಾ ತುಣುಕನ್ನು ವಿಕಿರಣಶೀಲ ಹೈಡ್ರೊಜನ್ ಸೇರಿಸಿದ ಥೈಮಿಡಿನ್‌ನಲ್ಲಿ (ವಂಶವಾಹಿ ದ್ರವ್ಯದ ಒಂದು ಘಟಕ) ನೆನೆಸಿಟ್ಟರೆ ನಕಲು ಮಾಡುತ್ತಿರುವ ಜೀವಕೋಶಗಳು ಅದನ್ನು ಹೀರಿಕೊಳ್ಳುತ್ತವೆ. ಮೇಲೆ ಛಾಯಾಚಿತ್ರದ ಲೇಪ ಹಚ್ಚಿ ಕತ್ತಲೆಯಲ್ಲಿ ದಿನಗಟ್ಟಲೆ ಇಟ್ಟು ತೆಗೆದಾಗ ಅವುಗಳ ಮೇಲೆ ಕಪ್ಪು ಚುಕ್ಕೆಗಳು ಮೂಡಿರುತ್ತವೆ. ಬ್ರೋಮೊಡಿಆಕ್ಸಿಯುರಿಡಿನ್ ಎಂಬ ಬದಲಿ ವಸ್ತುವನ್ನು ಗುರುತಿಸುವ ಪ್ರತಿಕಾಯ 1982ರಲ್ಲಿ ಬಂದ ಮೇಲೆ ವಿಕಿರಣದ ಗೊಡವೆ ತಪ್ಪಿತು. ಆದರೆ ಇವೆರಡಕ್ಕೂ ಜೀವಂತ ಅಂಗಾಂಶ ಬೇಕು. ಮೊದಲ ಕಿ-67 ಪ್ರತಿಕಾಯಕ್ಕೂ ಹೆಪ್ಪುಗಟ್ಟಿಸಿದ ತುಣುಕೇ ಬೇಕಿತ್ತು. 1990ರ ದಶಕದ ಆರಂಭದಲ್ಲಿ ಎಂಐಬಿ-1 ಎಂಬ ಪ್ರತಿಕಾಯ ಬಂದು, ಕಪಾಟಿನಲ್ಲಿ ವರ್ಷಗಳಿಂದ ಇಟ್ಟಿದ್ದ ಮೇಣದ ಅಚ್ಚುಗಳಲ್ಲಿಯೂ ಪರೀಕ್ಷೆ ಸಾಧ್ಯವಾಯಿತು. ಕಿ-67 ಉಳಿದವುಗಳನ್ನು ಹಿಂದಿಕ್ಕಿದ್ದರಲ್ಲಿ ಈ ಅನುಕೂಲದ ಪಾಲು ದೊಡ್ಡದು.

ಪ್ರಶ್ನೆ: ನನ್ನ ಹೆಂಡತಿಯ ಕಿ-67 ಶೇ. 35, ಹಾರ್ಮೋನ್ ಗ್ರಾಹಕ ಇದೆ, ಹರ್-2 ಇಲ್ಲ. ಶಸ್ತ್ರಚಿಕಿತ್ಸೆಗೆ ಮುಂಚೆ ಎರಡು ವಾರ ಹಾರ್ಮೋನ್ ತಡೆಯುವ ಮಾತ್ರೆ ಕೊಟ್ಟು ಮತ್ತೆ ಕಿ-67 ನೋಡುತ್ತೇವೆ ಎನ್ನುತ್ತಿದ್ದಾರೆ. ಎರಡು ವಾರದಲ್ಲಿ ಏನು ತಿಳಿಯುತ್ತದೆ? ಕಾಲ ಕಳೆಯುವುದು ಅಪಾಯವಲ್ಲವೇ?

ಉತ್ತರ: ಕಳವಳ ಸಹಜ, ಆದರೆ ಎರಡು ವಾರ ಎಂಬುದು ಗಂಟಿನ ವಯಸ್ಸಿನ ಮುಂದೆ ಬಹಳ ಚಿಕ್ಕ ಅವಧಿ. ಒಂದು ಜೀವಕೋಶದಿಂದ ಒಂದು ಸೆಂಟಿಮೀಟರಿನ ಗಂಟಾಗಲು ಸುಮಾರು ಮೂವತ್ತು ಬಾರಿ ಇಮ್ಮಡಿಸಬೇಕು. ಸ್ತನದ ಕ್ಯಾನ್ಸರಿನಲ್ಲಿ ಒಂದೊಂದು ಇಮ್ಮಡಿಗೂ ಸಾಮಾನ್ಯವಾಗಿ ವಾರಗಳು, ತಿಂಗಳುಗಳು ಹಿಡಿಯುತ್ತವೆ. ಜೊತೆಗೆ, ಆ ಎರಡು ವಾರ ನಿಮ್ಮ ಹೆಂಡತಿ ಮಾತ್ರೆಯ ಚಿಕಿತ್ಸೆಯಲ್ಲಿಯೇ ಇರುತ್ತಾರೆ.

ಎರಡನೆಯ ಅಳತೆಯ ಬೆಲೆ ದೊಡ್ಡದು. ಮೊದಲ ಅಂಕಿ ಗಂಟು ಹೇಗಿತ್ತು ಎಂದು ಹೇಳಿದರೆ, ಎರಡನೆಯದು ಅದು ಔಷಧಿಗೆ ಮಣಿಯುತ್ತದೆಯೇ ಎಂದು ಹೇಳುತ್ತದೆ. ಮುಟ್ಟು ನಿಂತ ಮಹಿಳೆಯರಲ್ಲಿ ಬ್ರಿಟನ್ನಿನಲ್ಲಿ ನಡೆದ ಪೊಯೆಟಿಕ್ ಎಂಬ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅದರಲ್ಲಿ ಹರ್-2 ಇಲ್ಲದ ಗುಂಪಿನಲ್ಲಿ, ಮೊದಲಿನಿಂದಲೂ ಕಿ-67 ಕಡಿಮೆಯಿದ್ದು ಎರಡು ವಾರದ ಬಳಿಕವೂ ಕಡಿಮೆಯೇ ಇದ್ದವರಲ್ಲಿ ಐದು ವರ್ಷಗಳೊಳಗೆ ರೋಗ ಮರುಕಳಿಸಿದ್ದು ಶೇ. 4.3 ಮಂದಿಗೆ, ಮೊದಲು ಹೆಚ್ಚಿದ್ದು ಮಾತ್ರೆಯಿಂದ ಶೇ. 10ಕ್ಕಿಂತ ಕೆಳಗಿಳಿದವರಲ್ಲಿ ಶೇ. 8.4, ಇಳಿಯದೆ ಉಳಿದವರಲ್ಲಿ ಶೇ. 21.5. ಅಂಕಿ ಇಳಿದರೆ ಹಾರ್ಮೋನ್ ತಡೆಯುವ ಮಾತ್ರೆಯ ಮೇಲೆ ವೈದ್ಯರಿಗೆ ಭರವಸೆ ಹೆಚ್ಚುತ್ತದೆ. ಇಳಿಯದಿದ್ದರೆ ಕೀಮೋಥೆರಪಿ ಅಥವಾ ಬೇರೆ ಔಷಧಿಯನ್ನು ಸೇರಿಸುವ ಮಾತು ಆಗಲೇ ಶುರುವಾಗುತ್ತದೆ, ರೋಗ ಮರಳುವವರೆಗೆ ಕಾಯಬೇಕಾಗುವುದಿಲ್ಲ. ನಿಮ್ಮ ಹೆಂಡತಿಗೆ ಮುಟ್ಟು ನಿಂತಿದೆಯೇ ಎಂದು ನೀವು ಬರೆದಿಲ್ಲ. ನಿಂತಿಲ್ಲದಿದ್ದರೆ ಈ ಅಂಕಿಗಳು ಅವರಿಗೆ ನೇರವಾಗಿ ಅನ್ವಯಿಸುವುದಿಲ್ಲವಾದ್ದರಿಂದ, ವೈದ್ಯರ ಬಳಿ ಇದನ್ನು ತಪ್ಪದೆ ಪ್ರಸ್ತಾಪಿಸಿ. ಮಾತ್ರೆಗಳನ್ನು ಒಂದು ದಿನವೂ ಬಿಡದಂತೆ ನೋಡಿಕೊಳ್ಳಿ, ಮತ್ತು ಎರಡೂ ತುಣುಕುಗಳನ್ನು ಒಂದೇ ಪ್ರಯೋಗಾಲಯದಲ್ಲಿ, ಸಾಧ್ಯವಾದರೆ ಒಂದೇ ದಿನ ಬಣ್ಣ ಹಾಕಿ, ಒಬ್ಬರೇ ಎಣಿಸುವಂತೆ ಕೇಳಿಕೊಳ್ಳಿ.